ಎರಡು ಮಿಲಿಮೀಟರ್ ಹಲ್ಲಿಗಾಗಿ

ಮೇಲ್ದವಡೆಯ ಬಲಗಡೆ, ಕೋರೆಹಲ್ಲಿನಿಂದ ಹಿಂದಕ್ಕೆ ಎಣಿಸಿದರೆ ಎರಡನೆಯದು. ಎಷ್ಟೋ ವರ್ಷದ ಹಿಂದೆ ಬೆಳ್ಳಿ ಬಣ್ಣದ ಫಿಲ್ಲಿಂಗ್ ಮಾಡಿಸಿದ್ದ ಆ ಹಲ್ಲಿನ ಒಳಮೈ, ಅಂದರೆ ಅಂಗುಳದ ಕಡೆಯ ಅರ್ಧ, ಕೊಡುಬಳೆ ಕಡಿಯುವಾಗ ಸೀಳಿಕೊಂಡು ಬಂತು. ಹೊರಗಿನಿಂದ ನೋಡಿದವರಿಗೆ ಹಲ್ಲು ನೆಟ್ಟಗೇ ಕಾಣುತ್ತಿತ್ತು. ನಾಲಿಗೆ ಆಡಿಸಿದರೆ ಮಾತ್ರ ಒಳಗೊಂದು ಗುಂಡಿ. ಮುರಿದ ಅಂಚು ಎಲ್ಲಿದೆ ಎಂದು ತಡಕಿದರೂ ಸಿಗುತ್ತಿರಲಿಲ್ಲ, ಅದು ಒಸಡಿನೊಳಗೆ ಹೂತುಹೋಗಿತ್ತು.

ಆ ಹಲ್ಲನ್ನು ಉಳಿಸಿಕೊಳ್ಳುವುದಕ್ಕೆ ರೂಟ್ ಕೆನಾಲ್ ಆದ ಮೇಲೆ, ಕ್ಯಾಪ್ ಕೂರಿಸುವ ಮುಂಚೆ, ಒಸಡಿನ ಆಪರೇಷನ್ ಒಂದನ್ನು ಮಾಡಿಸಿಕೊಂಡೆ. ಡಾಕ್ಟರರು ಅದನ್ನು ಕ್ರೌನ್ ಲೆಂಥನಿಂಗ್ ಅನ್ನುತ್ತಾರೆ. ಹಲ್ಲಿನ ಸುತ್ತ ಒಸಡನ್ನು ಬಿಡಿಸಿ, ಅದರಡಿಯ ಮೂಳೆಯನ್ನು ತುಸು ತೆಗೆದು, ಒಳಗೆ ಮುಚ್ಚಿಹೋಗಿರುವ ಹಲ್ಲಿನ ಭಾಗವನ್ನು ಹೊರಗೆ ತರುವ ಕೆಲಸ. ಮಾಡಿಸಿಕೊಳ್ಳುವ ಮುಂಚೆ ಕನ್ನಡದಲ್ಲಿ ಏನಾದರೂ ಓದಲು ಸಿಗುತ್ತದೆಯೇ ಎಂದು ಹುಡುಕಿದ್ದೆ. ರೂಟ್ ಕೆನಾಲ್ ಬಗ್ಗೆ ಬೇಕಾದಷ್ಟು ಸಿಕ್ಕಿತು. ಇದನ್ನು ಅನುಭವಿಸಿದವರು ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಆದಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಬಾಯಿಗೆ ಕನ್ನಡಿ ಹಿಡಿದು ನೋಡಿ, ಎಕ್ಸ್‌ರೇ ತೆಗೆಯುವ ಮುಂಚೆಯೇ, "ಇದು ಉಳಿಯಲ್ಲ ಮೇಡಂ, ತೆಗೆಸಿಬಿಡಿ, ಇಂಪ್ಲಾಂಟ್ ಹಾಕೋಣ" ಅಂದರು. ಇಂಪ್ಲಾಂಟ್ ಅಂದರೆ ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಕಟ್ಟುವ ಕೃತಕ ಹಲ್ಲು. ಇನ್ನೊಂದು ಕಡೆ ಅದಕ್ಕೆ ತದ್ವಿರುದ್ಧ: "ರೂಟ್ ಕೆನಾಲ್ ಮಾಡಿ ಸೀದಾ ಕ್ಯಾಪ್ ಹಾಕಿಬಿಡ್ತೀನಿ, ವಾರದ ಕೆಲಸ." ಒಬ್ಬರಿಗೆ ಹಲ್ಲು ಸತ್ತಿದೆ, ಇನ್ನೊಬ್ಬರಿಗೆ ಏನೂ ಆಗಿಲ್ಲ. ಮುರಿದ ಅಂಚಿಗೂ ಮೂಳೆಗೂ ಎಷ್ಟು ದೂರ ಇದೆ ಎಂದು ಇಬ್ಬರೂ ಅಳೆಯಲಿಲ್ಲ. ಅಳೆಯಬೇಕಾದದ್ದು ಅದನ್ನೇ ಎಂಬುದು ಆಗ ನನಗೂ ತಿಳಿದಿರಲಿಲ್ಲ.

ನಾನಿರುವುದು ಹರಿಹರದಲ್ಲಿ, ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಪಕ್ಕದ ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ. ನಮ್ಮ ಕಡೆಯ ಜನಕ್ಕೆ ಹಲ್ಲಿನ ವಿಷಯದಲ್ಲಿ ಅದೊಂದು ದೊಡ್ಡ ಅನುಕೂಲ. ಅವುಗಳಲ್ಲಿ ಒಂದಕ್ಕೆ ಹೋದೆ. ಚೀಟಿ ಮಾಡಿಸಿ, ಪರೀಕ್ಷೆಯ ವಿಭಾಗ, ಎಕ್ಸ್‌ರೇ, ಅಲ್ಲಿಂದ ರೂಟ್ ಕೆನಾಲ್ ಮಾಡುವ ವಿಭಾಗ, ಹೀಗೆ ಮಹಡಿಯಿಂದ ಮಹಡಿಗೆ ಓಡಾಡಿಸುತ್ತಾರೆ. ಹೊತ್ತು ಹೋಗುತ್ತದೆ, ಶಾಲೆಗೆ ರಜೆ ಹಾಕಬೇಕಾಗುತ್ತದೆ. ಆದರೆ ಅಲ್ಲಿ ಯಾರೂ ಒಬ್ಬರೇ ತೀರ್ಮಾನ ಮಾಡುವುದಿಲ್ಲ. ಓದುತ್ತಿರುವ ಡಾಕ್ಟರು ನೋಡುತ್ತಾರೆ, ಅವರ ಮೇಲಿನವರು ಬಂದು ಇನ್ನೊಮ್ಮೆ ನೋಡುತ್ತಾರೆ, ಎಲ್ಲವೂ ಕೇಸ್ ಪೇಪರಿನಲ್ಲಿ ದಾಖಲಾಗುತ್ತದೆ. ಎರಡು ಕಡೆ ಎರಡು ಥರದ ಮಾತು ಕೇಳಿ ಬಂದಿದ್ದ ನನಗೆ ಆ ಕ್ರಮವೇ ಧೈರ್ಯ ಕೊಟ್ಟಿತು.

ರೂಟ್ ಕೆನಾಲ್ ಅಲ್ಲೇ ಮುಗಿಯಿತು. ಆಮೇಲೆ ನನ್ನನ್ನು ಒಸಡಿನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಸಿಕ್ಕಿದವರು ಎಂ.ಡಿ.ಎಸ್. (ಹಲ್ಲಿನ ವೈದ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದ ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. "ನೇರ ಕ್ಯಾಪ್ ಹಾಕಿದರೆ ಏನಾಗುತ್ತೆ ಡಾಕ್ಟ್ರೇ?" ಎಂದು ಕೇಳಿದ್ದಕ್ಕೆ ಆಕೆ ಕೇಸ್ ಪೇಪರಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಆ ಚಿತ್ರ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಧ್ಯೆ ಹಲ್ಲು. ಪಕ್ಕದಲ್ಲಿ ಮೂಳೆ, ಮೂಳೆಯ ತುದಿಗೆ ಒಂದು ದಪ್ಪ ಗೆರೆ. ಆ ಗೆರೆಗೂ ಒಸಡಿನ ಹೊರ ಅಂಚಿಗೂ ನಡುವೆ ಮೂರು ಪಟ್ಟಿ. ಮೂಳೆಗೆ ತಾಗಿದ ಮೊದಲ ಪಟ್ಟಿಯಲ್ಲಿ ಒಸಡಿನ ನಾರು ಹಲ್ಲಿನ ಬೇರಿಗೆ ಕಚ್ಚಿಕೊಂಡಿರುತ್ತದೆ. ಎರಡನೆಯದರಲ್ಲಿ ಒಸಡಿನ ತೆಳುಚರ್ಮ ಹಲ್ಲಿಗೆ ಅಂಟಿಕೊಂಡಿರುತ್ತದೆ. ಮೂರನೆಯದು ಅಂಟಿಲ್ಲದ ಸಣ್ಣ ಸಂದು, ಬ್ರಶ್ಶಿನ ಎಳೆ ಹೋಗುವ ಜಾಗ. 1961ರಲ್ಲಿ ಗಾರ್ಗಿಯುಲೊ, ವೆಂಟ್ಜ್, ಓರ್ಬನ್ ಎಂಬ ಮೂವರು ಸತ್ತವರ ದವಡೆಗಳಲ್ಲಿ ಇದನ್ನು ಅಳೆದು ಪ್ರಕಟಿಸಿದರು. ನಾರಿನ ಪಟ್ಟಿ ಸರಾಸರಿ 1.07 ಮಿ.ಮೀ., ಅಂಟಿನ ಪಟ್ಟಿ 0.97 ಮಿ.ಮೀ., ಎರಡೂ ಸೇರಿ 2.04. ಸಂದು 0.69. ಆಳು ಆಳಿಗೆ, ಹಲ್ಲು ಹಲ್ಲಿಗೆ ಇದು ಹೆಚ್ಚು ಕಡಿಮೆ ಆಗುತ್ತದೆ. ಆದರೂ ಮೂಳೆಯಿಂದ ಕ್ಯಾಪಿನ ಅಂಚಿಗೆ ಸುಮಾರು 3 ಮಿ.ಮೀ. ಜಾಗ ಬಿಡಬೇಕು ಎಂಬ ಲೆಕ್ಕ ಅಲ್ಲಿಂದ ಬಂದಿದೆ.

"ಈ ಜಾಗ ಒಸಡಿಂದು ಮೇಡಂ. ಇದರೊಳಗೆ ಕ್ಯಾಪಿನ ಅಂಚು ತೂರಿಸಿದ್ರೆ ಒಸಡು ಒಪ್ಪಲ್ಲ" ಅಂದರು ಆಕೆ. ಒಪ್ಪದ ಒಸಡು ಸುಮ್ಮನೆ ಕೂರುವುದಿಲ್ಲ. ಸದಾ ಕೆಂಪಗೆ ಊದಿಕೊಂಡಿರುತ್ತದೆ, ಮುಟ್ಟಿದರೆ ರಕ್ತ. ಕೆಲವರಲ್ಲಿ ತನಗೆ ಬೇಕಾದ ಜಾಗ ಮಾಡಿಕೊಳ್ಳಲು ಅದು ಹಿಂದೆ ಸರಿಯುತ್ತದೆ, ಒಳಗಿನ ಮೂಳೆಯೂ ಕರಗುತ್ತದೆ. ಅಂದರೆ ನಾವು ಅಳತೆ ಮಾಡಿ ತೆಗೆಯದ ಮೂಳೆಯನ್ನು ದೇಹವೇ ಅಳತೆಯಿಲ್ಲದೆ ತೆಗೆಯುತ್ತದೆ.

ಇದನ್ನು ಕೇಳುತ್ತಿದ್ದ ಹಾಗೆ ನನ್ನ ಓರಗಿತ್ತಿಯ ನೆನಪಾಯಿತು. ಆಕೆಗೆ ಕೆಳದವಡೆಯಲ್ಲಿ ಒಂದು ಕ್ಯಾಪ್ ಇದೆ, ಎಲ್ಲೋ ಅವಸರದಲ್ಲಿ ಹಾಕಿಸಿಕೊಂಡದ್ದು. ಹಾಕಿಸಿದಾಗಿನಿಂದ ಅದರ ಸುತ್ತ ಒಸಡು ನೇರಳೆ ಬಣ್ಣಕ್ಕೆ ತಿರುಗಿದೆ. ಬ್ರಶ್ ಮಾಡಿದಾಗಲೆಲ್ಲ ರಕ್ತ ಉಗುಳುತ್ತಾಳೆ. "ನಂಗೆ ಉಷ್ಣದ ಮೈ ಅಕ್ಕಾ" ಎಂದು ತಾನೇ ಕಾರಣ ಹೇಳಿಕೊಂಡು, ಮಜ್ಜಿಗೆ ಕುಡಿಯುತ್ತ ಅಷ್ಟು ದಿನ ಕಳೆದಿದ್ದಾಳೆ.

ಇನ್ನೊಂದು ಅಗತ್ಯವನ್ನೂ ಆ ಡಾಕ್ಟರು ಅದೇ ಚಿತ್ರದಲ್ಲಿ ತೋರಿಸಿದರು. ಕ್ಯಾಪ್ ನಿಲ್ಲುವುದು ಸಿಮೆಂಟಿನಿಂದ ಅಷ್ಟೇ ಅಲ್ಲ. ಒಳಗೆ ತುಂಬಿದ ಫಿಲ್ಲಿಂಗ್ ಮೇಲೆ ಮಾತ್ರ ಕೂತರೆ ಅಗಿಯುವ ಭಾರಕ್ಕೆ ಒಂದು ದಿನ ಫಿಲ್ಲಿಂಗ್ ಸಮೇತ ಕೈಗೆ ಬರುತ್ತದೆ, ಇಲ್ಲವೆ ಬೇರು ಸೀಳುತ್ತದೆ. ಅಂಚಿನ ಬಳಿ ಸುತ್ತಲೂ ಒಂದೂವರೆಯಿಂದ ಎರಡು ಮಿ.ಮೀ. ಎತ್ತರದ ಗಟ್ಟಿ ಹಲ್ಲು ಇರಬೇಕು, ಅದನ್ನು ಕ್ಯಾಪ್ ಬಳೆಯಂತೆ ತಬ್ಬಿ ಹಿಡಿಯಬೇಕು. ನನ್ನ ಹಲ್ಲಿಗೆ ಮೂರು ಕಡೆ ಗೋಡೆ ಚೆನ್ನಾಗಿತ್ತು. ಅಂಗುಳದ ಕಡೆ ಮಾತ್ರ ಮುರಿದ ಅಂಚಿಗೂ ಮೂಳೆಗೂ ಸುಮಾರು ಎರಡೂವರೆ ಮಿ.ಮೀ. ದೂರ ಅಷ್ಟೇ ಉಳಿದಿತ್ತು. ಅಲ್ಲಿ ಇನ್ನೊಂದು 2 ಮಿ.ಮೀ. ಹಲ್ಲು ಹೊರಗೆ ಬಂದರೆ ಒಸಡಿಗೆ ಅದರ ಜಾಗ ಸಿಗುತ್ತದೆ, ಕ್ಯಾಪಿಗೂ ಹಿಡಿತ ಸಿಗುತ್ತದೆ.

ವಿಭಾಗದ ಹಿರಿಯ ಪ್ರೊಫೆಸರ್ ಬಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ನೋಡಿದ್ದು ಬೇರಿನ ಉದ್ದವನ್ನು. ಮೂಳೆ ತೆಗೆದಷ್ಟೂ ಬೇರಿಗೆ ಆಸರೆ ಕಡಿಮೆಯಾಗುತ್ತದೆ, ಹೊರಗಿನ ಹಲ್ಲು ಉದ್ದವಾಗುತ್ತದೆ. ಬೇರು ಗಿಡ್ಡ ಇದ್ದವರಿಗೆ ಇದನ್ನು ಮಾಡಿದರೆ ಹಲ್ಲು ಅಲುಗಾಡಲು ಶುರುವಾಗಬಹುದು. ಹಿಂದಿನ ದೊಡ್ಡ ದವಡೆಹಲ್ಲುಗಳಲ್ಲಿ ಬೇರುಗಳು ಕವಲೊಡೆಯುವ ಜಾಗ ಮೇಲೆಯೇ ಇದ್ದರೆ, ಮೂಳೆ ತೆಗೆದಾಗ ಆ ಕವಲು ತೆರೆದುಕೊಂಡು ಅದರಲ್ಲಿ ಕೊಳೆ ಸೇರುತ್ತದೆ, ಅದನ್ನು ಶುಚಿ ಮಾಡುವುದು ಕಷ್ಟ. ಅಂಥವರಿಗೂ ಬೇಡ ಅನ್ನುತ್ತಾರೆ. ನಗುವಾಗ ಕಾಣುವ ಮುಂದಿನ ಹಲ್ಲಾದರೆ ಒಸಡಿನ ಗೆರೆ ಏರುಪೇರಾಗಿ ಮುಖದ ಅಂದ ಕೆಡಬಹುದು. ಅಲ್ಲಿ ಕ್ಲಿಪ್ ಹಾಕಿ ಬೇರನ್ನೇ ನಿಧಾನವಾಗಿ ಹೊರಗೆ ಎಳೆಯುವ ದಾರಿಯನ್ನೂ ಯೋಚಿಸುತ್ತಾರಂತೆ. ನನ್ನ ಬೇರು ಉದ್ದವಿತ್ತು, ನೆಟ್ಟಗಿತ್ತು. "ಮಾಡಬಹುದಮ್ಮ, ಹೆದರಬೇಡಿ" ಅಂದರು ಪ್ರೊಫೆಸರ್.

ಆಪರೇಷನ್ನಿಗೂ ಮುಂಚೆ ಎಲ್ಲ ಹಲ್ಲುಗಳ ಪಾಚಿ ತೆಗೆದು ಕ್ಲೀನ್ ಮಾಡಿದರು. ಊದಿದ ಒಸಡಿನ ಮೇಲೆ ಅಳತೆ ಹಾಕಿದರೆ ತಪ್ಪುತ್ತದೆ. ಸಕ್ಕರೆ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ನುಂಗುತ್ತೀರಾ ಎಂದೆಲ್ಲ ಕೇಳಿ ಬರೆದುಕೊಂಡರು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರಿಗೆ, ಗುಟ್ಕಾ ಬಿಟ್ಟು ಬಂದರೆ ಮಾತ್ರ ಒಸಡಿಗೆ ಕೈ ಹಚ್ಚುವುದು ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದರು. ತಂಬಾಕು ಇರುವ ಬಾಯಲ್ಲಿ ಗಾಯ ಸರಿಯಾಗಿ ಮಾಯುವುದಿಲ್ಲ. ಆ ಖಡಕ್ಕುತನ ನನಗೆ ಮೆಚ್ಚುಗೆಯಾಯಿತು.

ಆಪರೇಷನ್ ದಿನ ತಿಂಡಿ ತಿಂದೇ ಬನ್ನಿ ಅಂದಿದ್ದರು. ಕುರ್ಚಿಯಲ್ಲಿ ಒರಗಿಸಿ, ತುಟಿ ಗಲ್ಲಕ್ಕೆಲ್ಲ ಕಂದು ಬಣ್ಣದ ಔಷಧಿ ಒರೆಸಿ, ಬಾಯಿ ಇರುವ ಕಡೆ ಮಾತ್ರ ತೂತಿರುವ ಹಸಿರು ಬಟ್ಟೆ ಮುಖಕ್ಕೆ ಹೊದಿಸಿದರು. ಕಣ್ಣಿಗೆ ಏನೂ ಕಾಣದಿದ್ದದ್ದು ಒಳ್ಳೆಯದೇ ಆಯಿತು. ಇಡೀ ಆಪರೇಷನ್ನಿನಲ್ಲಿ ನಿಜವಾಗಿ ನೋವಾದದ್ದು ಎಲ್ಲಿ ಎಂದರೆ ಇಂಜೆಕ್ಷನ್ನಿನಲ್ಲಿ, ಅದೂ ಅಂಗುಳದ ಇಂಜೆಕ್ಷನ್ನಿನಲ್ಲಿ. ಕೆನ್ನೆಯ ಕಡೆಯದು ಇರುವೆ ಕಚ್ಚಿದಷ್ಟೂ ಅಲ್ಲ. ಅಂಗುಳದ ಚರ್ಮ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಔಷಧಿ ಹರಡಲು ಜಾಗವೇ ಇಲ್ಲ. "ಒಂದು ಹತ್ತು ಸೆಕೆಂಡು ತಡ್ಕೊಳಿ ಮೇಡಂ, ಉಸಿರು ಬಿಡ್ತಾ ಇರಿ" ಎನ್ನುತ್ತ ಚಿತ್ರ ಬರೆದು ತೋರಿಸಿದ್ದ ಆ ಡಾಕ್ಟರೇ ಬೆರಳಿನಷ್ಟು ದಪ್ಪದ ಯಾವುದೋ ಹಿಡಿಯಿಂದ ಪಕ್ಕದ ಜಾಗವನ್ನು ಒತ್ತಿ ಹಿಡಿದು ಸೂಜಿ ಚುಚ್ಚಿದರು. ಕಣ್ಣಲ್ಲಿ ನೀರು ಬಂತು. ಆ ಔಷಧಿಯಲ್ಲಿ ರಕ್ತ ಹೆಚ್ಚು ಹರಿಯದಂತೆ ಅಡ್ರಿನಲಿನ್ ಬೆರೆಸಿರುತ್ತಾರೆ. ಅದಕ್ಕೋ ಭಯಕ್ಕೋ ಎದೆ ಸ್ವಲ್ಪ ಹೊತ್ತು ಡವಡವ ಅಂದಿತು. ಆಮೇಲೆ ಅರ್ಧ ಮೂತಿಯೇ ಮರಗಟ್ಟಿತು.

ಮೊದಲು ಅಳತೆ. ಮಿಲಿಮೀಟರ್ ಗೆರೆಗಳಿರುವ ತೆಳ್ಳನೆಯ ಕಡ್ಡಿಯನ್ನು ಒಸಡಿನ ಮೂಲಕ ಮೂಳೆ ಸಿಗುವವರೆಗೆ ಒತ್ತಿ, ಸಿಕ್ಕ ಅಂಕಿಯನ್ನು ಜೋರಾಗಿ ಹೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. "ಮೂರು... ಮೂರು... ಎರಡೂವರೆ..." ನೋವಿಲ್ಲ, ಒತ್ತಿದ್ದು ಮಾತ್ರ ಗೊತ್ತಾಗುತ್ತದೆ. ಎಕ್ಸ್‌ರೇಯಲ್ಲಿ ಹಲ್ಲಿನ ಒಳಮೈ ಹೊರಮೈ ಒಂದರ ಮೇಲೊಂದು ಬಿದ್ದು ಕಾಣುವುದರಿಂದ ಅಂಗುಳದ ಕಡೆಯ ಮೂಳೆ ಎಲ್ಲಿದೆ ಎಂದು ಖಚಿತವಾಗಿ ತಿಳಿಯುವುದು ಈ ಕಡ್ಡಿಯಿಂದಲೇ. ನಂತರ ಬ್ಲೇಡ್. ಕೊಯ್ದದ್ದು ಗೊತ್ತೇ ಆಗಲಿಲ್ಲ. ಒಸಡನ್ನು ಮೂಳೆಯಿಂದ ಬಿಡಿಸುವಾಗ ಮಾತ್ರ ಯಾರೋ ಒಳಗಿನಿಂದ ಎಳೆಯುತ್ತಿರುವಂತೆ ಅನಿಸುತ್ತಿತ್ತು. ಕೆನ್ನೆಯ ಕಡೆಯ ಒಸಡಾದರೆ ಬಿಡಿಸಿದ್ದನ್ನು ಹಿಂದಕ್ಕೆ ಸರಿಸಿ ಹೊಲಿಯಬಹುದು. ಅಂಗುಳದ್ದು ಹಾಗೆ ಸರಿಯುವುದಿಲ್ಲ. ಅದಕ್ಕೆ ಎಷ್ಟು ಬೇಕು ಎಂದು ಮೊದಲೇ ಅಂದಾಜು ಮಾಡಿ, ಆ ಗೆರೆಯಲ್ಲೇ ಕೊಯ್ದು, ದಪ್ಪ ಇದ್ದ ಒಳಭಾಗವನ್ನು ತೆಳ್ಳಗೆ ಮಾಡಬೇಕಂತೆ. ಕೈಚಳಕದ ಕೆಲಸ. ಪ್ರೊಫೆಸರ್ ಹತ್ತಿರವೇ ನಿಂತು, "ಇನ್ನೂ ಸ್ವಲ್ಪ ಕೆಳಗೆ ತಗೋ, ಹಾಂ, ಅಲ್ಲೇ" ಎಂದು ಹೇಳಿಕೊಡುತ್ತಿದ್ದರು.

ಮೂಳೆ ಕೊರೆಯುವುದು ಕಿವಿಗಿಂತ ಹೆಚ್ಚಾಗಿ ತಲೆಬುರುಡೆಗೆ ಕೇಳಿಸುತ್ತದೆ. ಇಡೀ ಹೊತ್ತು ಬಿಸಿಯಾಗದ ಹಾಗೆ ತಣ್ಣನೆಯ ಸಲೈನ್ ನೀರು ಬೀಳುತ್ತಿರುತ್ತದೆ, ಪಕ್ಕದಲ್ಲಿ ಪೈಪು ಅದನ್ನು ಹೀರುತ್ತಿರುತ್ತದೆ. ಮೂಳೆಗೆ ಕಾವು ತಗುಲಿದರೆ ಅದು ಸಾಯುತ್ತದೆ ಎಂದು ಆಮೇಲೆ ತಿಳಿಯಿತು. ಹಲ್ಲಿಗೆ ತೀರ ಹತ್ತಿರದ ಮೂಳೆಯನ್ನು ಮಾತ್ರ ಮಷೀನಿನಲ್ಲಿ ಮುಟ್ಟದೆ, ಬೇರಿಗೆ ಗೀರು ಬೀಳದಂತೆ, ಸಣ್ಣ ಉಳಿಯಿಂದ ಕೈಯಲ್ಲೇ ಕೆರೆದು ತೆಗೆದರು. ಕರ್‌ ಕರ್‌ ಶಬ್ದ. ಮಧ್ಯೆ ಮಧ್ಯೆ ಅದೇ ಕಡ್ಡಿಯಿಟ್ಟು ಅಳತೆ. ಒಮ್ಮೆ ಪ್ರೊಫೆಸರ್ ತಾವೇ ಅಳೆದು, "ಹಿಂದಿನ ಮೂಲೇಲಿ ಇನ್ನೊಂದು ಅರ್ಧ ಬೇಕು" ಅಂದರು. ಅರ್ಧ ಮಿಲಿಮೀಟರಿಗೆ ಅಷ್ಟು ಜನ ಬಗ್ಗಿ ನೋಡುತ್ತಿದ್ದದ್ದು ಬಟ್ಟೆಯಡಿಯಲ್ಲಿದ್ದ ನನಗೂ ಗೊತ್ತಾಗುತ್ತಿತ್ತು. ಮೊದಲ ಕ್ಲಿನಿಕ್ಕಿನಲ್ಲಿ ಅರೆ ನಿಮಿಷದಲ್ಲಿ ಕೀಳಿಸಿಬಿಡಿ ಅಂದಿದ್ದ ಹಲ್ಲು ಅದೇ. ಆ ಹೊತ್ತಿನಲ್ಲಿ ನನಗೆ ಹುಟ್ಟಿದ ಗೌರವವನ್ನು ಹೇಗೆ ಹೇಳಲಿ ತಿಳಿಯದು.

ಕಪ್ಪು ರೇಷ್ಮೆ ದಾರದಲ್ಲಿ ಹೊಲಿಗೆ ಹಾಕಿದರು. ಎರಡು ಟ್ಯೂಬಿನ ಪೇಸ್ಟುಗಳನ್ನು ಕಲಸಿ ಗುಲಾಬಿ ಬಣ್ಣದ ಪ್ಯಾಕ್ ಮಾಡಿ, ಗಾಯದ ಮೇಲೆ ಒತ್ತಿ ಕೂರಿಸಿದರು. ಅದು ಸ್ವಲ್ಪ ಹೊತ್ತಿನಲ್ಲೇ ಗಟ್ಟಿಯಾಗುತ್ತದೆ. ಎಲ್ಲ ಸೇರಿ ಗಂಟೆಯ ಮೇಲಾಗಿತ್ತು.

ಮನೆಯ ಪಥ್ಯವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಮೊದಲ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾದಲ್ಲಿ ಹೀರಬಾರದು, ಬಿಸಿ ಬೇಡ, ಕೆನ್ನೆಯ ಮೇಲೆ ಐಸ್ ಇಟ್ಟು ತೆಗೆದು ಮಾಡಬೇಕು, ತಲೆ ಎತ್ತರಿಸಿ ಮಲಗಬೇಕು. ಆರಿದ ಗಂಜಿ, ಮೊಸರನ್ನ, ರಾಗಿ ಅಂಬಲಿ, ಹಾಲಲ್ಲಿ ನೆನೆಸಿದ ಇಡ್ಲಿ. ರೊಟ್ಟಿ ಇಲ್ಲ. ಮಂಡಕ್ಕಿಯನ್ನಂತೂ ತಿಂಗಳುಗಟ್ಟಲೆ ದೂರ ಇಡಿ ಎಂದು ಒತ್ತಿ ಹೇಳಿದ್ದರು, ಅದರ ಚೂರು ಹೊಸ ಒಸಡಿನಲ್ಲಿ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ನಮ್ಮ ಊರುಗಳ ಕಡೆ ಸಂಜೆ ಮಂಡಕ್ಕಿ ಇಲ್ಲದೆ ಇರುವುದು ಎಂಥ ವ್ರತ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಮರಗಟ್ಟಿದ್ದು ಇಳಿಯುವ ಮುಂಚೆಯೇ ನೋವಿನ ಮಾತ್ರೆ ನುಂಗಿ ಎಂದಿದ್ದರು. ಇದು ಬಹಳ ಉಪಯೋಗದ ಸಲಹೆ. ರಾತ್ರಿ ಹಲ್ಲಿನ ಸುತ್ತ ಮಿಡಿತದಂಥ ನೋವಿತ್ತು, ತಡೆಯಲಾರದಷ್ಟಲ್ಲ. ಊತ ಮಾತ್ರ ಮಾರನೆಯ ದಿನ ಜಾಸ್ತಿಯಾಯಿತು, ಅದರ ಮಾರನೆಯ ದಿನವೂ ಹಾಗೇ ಇತ್ತು. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಪ್ಯಾಕಿನ ಒಂದು ತುಂಡು ಬೇಗನೆ ಕಳಚಿ ಬಂತು. ಫೋನ್ ಮಾಡಿ ಕೇಳಿದೆ, "ರಕ್ತ ಇಲ್ಲ ಅಂದ್ರೆ ಬಿಡಿ ಮೇಡಂ, ಪರವಾಗಿಲ್ಲ" ಅಂದರು. ತರಗತಿಯಲ್ಲಿ ಪಾಠ ಮಾಡುವುದು ಪ್ಯಾಕ್ ಇರುವಷ್ಟು ದಿನ ಕಷ್ಟವೇ. ನಾಲಿಗೆ ಅಂಗುಳಕ್ಕೆ ತಗುಲಿ ಹುಟ್ಟುವ ಟ, ಡ, ಣ, ಳ ಎಲ್ಲ ತೊದಲುತ್ತವೆ. ಮಾತೇ ದುಡಿಮೆಯಾಗಿರುವವರು ಇದನ್ನು ರಜೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ದಿನಕ್ಕೆ ಎರಡು ಸಲ 0.2 ಪರ್ಸೆಂಟಿನ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ಪೇಸ್ಟು ಹಚ್ಚಿ ಹಲ್ಲುಜ್ಜಿದ ಕೂಡಲೇ ಇದನ್ನು ಹಾಕಿಕೊಂಡರೆ ಪೇಸ್ಟಿನ ನೊರೆಯ ಅಂಶ ಇದರ ಶಕ್ತಿಯನ್ನು ತಗ್ಗಿಸುತ್ತದೆ, ಅರ್ಧ ಗಂಟೆ ಬಿಡಬೇಕು. ಕಾಫಿ ಟೀ ಕುಡಿಯುವವರಿಗೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಅದು ಆಮೇಲೆ ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ನನಗೆ ವಿಚಿತ್ರ ಅನಿಸಿದ್ದು ಉಪ್ಪಿನ ರುಚಿ. ಸಾರಿಗೆ ಉಪ್ಪೇ ಬಿದ್ದಿಲ್ಲ ಅನಿಸುತ್ತಿತ್ತು. ಮನೆಯವರು "ಸರಿಯಾಗೇ ಇದೆಯಲ್ಲ" ಅಂದಾಗ ಅದು ಮೌತ್‌ವಾಶಿನ ಪ್ರಭಾವ ಎಂದು ತಿಳಿಯಿತು. ನಿಲ್ಲಿಸಿದ ಮೇಲೆ ರುಚಿ ತಾನಾಗಿ ಮರಳಿತು.

ವಾರ ಕಳೆದ ಮೇಲೆ ಪ್ಯಾಕ್ ತೆಗೆದು, ಹೊಲಿಗೆ ಬಿಚ್ಚಿದರು. ಗಾಯದ ಮೇಲೆ ಬೆಳ್ಳಗಿನ ಪೊರೆ ಕಂಡು ಕೀವು ಎಂದುಕೊಂಡೆ. ಕೀವಲ್ಲ, ಮಾಯುವಾಗ ಹಾಗೆ ಪೊರೆ ಕಟ್ಟುತ್ತದೆ, ಕೆರೆಯಬೇಡಿ ಅಂದರು. ಕನ್ನಡಿಯಲ್ಲಿ ಮೊದಲ ಬಾರಿಗೆ ಮುರಿದ ಅಂಚು ಪೂರ್ತಿ ಕಂಡಿತು. ಆಪರೇಷನ್ನಿಗೆ ಮುಂಚೆ ಅದು ಇದೆ ಎಂದೂ ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ನಾಳೆಯೇ ಕ್ಯಾಪ್ ಹಾಕುತ್ತಾರೆ ಎಂದುಕೊಂಡವರಿಗೆ ಒಂದು ಮಾತು. ಹಿಂದಿನ ಹಲ್ಲುಗಳಿಗೆ ಆರರಿಂದ ಎಂಟು ವಾರ ಕಾಯಿಸುತ್ತಾರೆ. ಮುಂದಿನ ಹಲ್ಲಾದರೆ ಮೂರರಿಂದ ಆರು ತಿಂಗಳು. ಕೊಯ್ದ ಒಸಡು ಮತ್ತೆ ಸ್ವಲ್ಪ ಬೆಳೆದು ಬರುತ್ತದೆ. ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡಿಯೇ ಕ್ಯಾಪಿನ ಅಂಚನ್ನು ಗೊತ್ತು ಮಾಡಬೇಕು. ಅವಸರ ಮಾಡಿದರೆ ಅಷ್ಟು ಮೂಳೆ ಕಳೆದುಕೊಂಡದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಆ ವಾರಗಳಲ್ಲಿ ಅಕ್ಕಪಕ್ಕದ ಹಲ್ಲುಗಳೂ ಜುಮ್ಮೆನ್ನುತ್ತಿದ್ದವು, ತಣ್ಣೀರು ತಾಗಿದರೆ ಮೈ ನಡುಗುತ್ತಿತ್ತು. ಕಾರಣ ಇದೆ: ಒಂದೇ ಹಲ್ಲಿನ ಸುತ್ತ ಗುಂಡಿ ತೋಡಿದಂತೆ ಮೂಳೆ ತೆಗೆಯಲು ಬರುವುದಿಲ್ಲ, ಪಕ್ಕದ ಹಲ್ಲುಗಳ ಕಡೆಗೂ ಇಳಿಜಾರು ಕೊಡಬೇಕು. ಹಾಗಾಗಿ ಅವುಗಳ ಬೇರಿನ ಮೇಲ್ಭಾಗವೂ ತುಸು ತೆರೆದುಕೊಳ್ಳುತ್ತದೆ. ಕೆಟ್ಟ ಹಲ್ಲಿಗಾಗಿ ಒಳ್ಳೆಯ ಹಲ್ಲುಗಳೂ ತೆರುವ ಬೆಲೆ ಇದು, ಒಪ್ಪಿಗೆ ಕೊಡುವ ಮುಂಚೆ ಇದನ್ನು ಕೇಳಿ ತಿಳಿದುಕೊಂಡಿರಬೇಕು. ಜುಮ್ಮೆನ್ನುವುದಕ್ಕೆ ಬೇರೆ ಪೇಸ್ಟು ಬರೆದುಕೊಟ್ಟರು, ಬರಬರುತ್ತ ಕಡಿಮೆಯಾಯಿತು. ಹಲ್ಲುಗಳ ನಡುವಿನ ಸಂದುಗಳು ದೊಡ್ಡದಾಗಿರುವುದು ಮಾತ್ರ ಉಳಿದಿದೆ. ಊಟವಾದ ಮೇಲೆ ಸಣ್ಣ ಬ್ರಶ್ ತೂರಿಸಿ ಶುಚಿ ಮಾಡುವುದು ಈಗ ಅಭ್ಯಾಸವಾಗಿದೆ.

ಮುಂದಿನದು ಬೇಗ ಮುಗಿಯಿತು. ಬೇರಿನೊಳಗೆ ಫೈಬರ್ ಪೋಸ್ಟ್ ಎಂಬ ಸಣ್ಣ ಕಡ್ಡಿ ಕೂರಿಸಿ, ಅದರ ಮೇಲೆ ಹಲ್ಲಿನ ಆಕಾರ ಕಟ್ಟಿ, ಸುತ್ತ ಅರೆದು, ಅಚ್ಚು ತೆಗೆದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಗಟ್ಟಿ ವಸ್ತುವಿನ ಕ್ಯಾಪ್ ಹಾಕಿದರು. ಅಂಗುಳದ ಕಡೆ ಯಾರಿಗೂ ಕಾಣುವುದಿಲ್ಲವಾದ್ದರಿಂದ ಅಲ್ಲಿ ಅಂಚನ್ನು ಒಸಡಿಗೆ ತಾಗಿಸದೆ ಹೊರಗೇ ನಿಲ್ಲಿಸಿದ್ದಾರೆ, ಬ್ರಶ್ ಸಲೀಸಾಗಿ ತಲುಪುತ್ತದೆ. ಕಾಲೇಜಿನಲ್ಲಿ ಆದ ಒಟ್ಟು ಖರ್ಚು, ಇಂಪ್ಲಾಂಟಿಗೆ ಹೇಳಿದ್ದ ಹಣದ ಒಂದು ಸಣ್ಣ ಪಾಲು. ಹಣಕ್ಕಿಂತ ನನ್ನದೇ ಬೇರು ನನ್ನ ದವಡೆಯಲ್ಲಿ ಉಳಿಯಿತು ಎಂಬುದು ನನಗೆ ದೊಡ್ಡದು.

ಕಳೆದ ತಪಾಸಣೆಗೆ ಹೋದಾಗ ಓರಗಿತ್ತಿಯನ್ನೂ ಕರೆದುಕೊಂಡು ಹೋದೆ. ಆಕೆಯ ಕ್ಯಾಪಿನ ಅಂಚು ಮೂಳೆಗೆ ಹೆಚ್ಚುಕಡಿಮೆ ತಾಗಿಕೊಂಡೇ ಇದೆ ಎಂದು ಎಕ್ಸ್‌ರೇಯಲ್ಲಿ ತೋರಿಸಿದರು. ಹಳೆಯ ಕ್ಯಾಪ್ ಕತ್ತರಿಸಿ ತೆಗೆದು, ಒಳಗೆ ಹುಳುಕು ಹತ್ತಿದೆಯೇ ನೋಡಿ, ಬೇರಿನ ಕವಲು ಅಡ್ಡ ಬರದಿದ್ದರೆ ಇದೇ ಆಪರೇಷನ್ ಮಾಡಿ ಹೊಸ ಕ್ಯಾಪ್ ಹಾಕುವುದು ಎಂದು ಪ್ರೊಫೆಸರ್ ಬರೆದಿದ್ದಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಆಕೆ ಕೇಳಿದ್ದು ಒಂದೇ ಪ್ರಶ್ನೆ, "ಇಂಜೆಕ್ಷನ್ ತುಂಬಾ ನೋಯ್ತದಾ ಅಕ್ಕಾ?" ಅಂಗುಳದ್ದು ನೋಯುತ್ತದೆ, ನಿನ್ನದು ಕೆಳದವಡೆ, ನಿನಗೆ ಅದರ ಬಾಧೆ ಇಲ್ಲ ಎಂದು ಹೇಳಿದೆ. ಮುಂದಿನ ತಿಂಗಳು ಕ್ಯಾಪ್ ತೆಗೆಸಲು ದಿನ ಕೊಟ್ಟಿದ್ದಾರೆ.